ಹೇಳಿದ್ದನ್ನು ಕೇಳದ ನಾಯಿ



ಕಳೆದ ರವಿವಾರ ಬೆಳಿಗ್ಗೆ ಬೆಂಗಳೂರಿನಿಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಫೋನು ಮಾಡಿದ್ದ. ಕುಶಲ ಪ್ರಶ್ನೆಗಳೆಲ್ಲ ಮುಗಿದ ಮೇಲೆ ತುಸು ಸಂಕೋಚದಿಂದ ಕೇಳಿದ: "ಸರ, ಮಗಳು ನಾಯಿ ಬೇಕಂತ ಹಟಾ ಹಿಡದಾಳ್ರಿ. ನಮ್ದು ಫ್ಲ್ಯಾಟು. ನಾಯಿ ಸಣ್ಣದಿರಬೇಕು, ಹೇಳಿಕೊಟ್ಟಿದ್ದ ಲಗೂನ ಕಲೀಬೇಕು. ಹೆಂಗೂ ನಮ್ಮ ಕಡೀದಂದ್ರ ಮುಧೋಳ ನಾಯಿ. ನೀವು ಜಮಖಂಡಿಯಾಗ ಅದೀರಿ, ಒಂದು ಚೊಲೋ ಮರಿ ನೋಡಿ ಇಡ್ರಿ."

"ಬರೆದು ತಿಳಿಸುತ್ತೇನೆ" ಎಂದು ಫೋನು ಇಟ್ಟೆ. ಅವನು ಕೇಳಿದ ಮೂರು ಗುಣಗಳಲ್ಲಿ ಎರಡು ಮುಧೋಳ ನಾಯಿಗೆ ಇಲ್ಲ. ಅದು ಸಣ್ಣದಲ್ಲ, ಹೇಳಿದ್ದನ್ನು ಬೇಗ ಕಲಿಯುವುದೂ ಇಲ್ಲ. ಅಷ್ಟನ್ನು ಫೋನಿನಲ್ಲೇ ಹೇಳಬಹುದಾಗಿತ್ತು. ಆದರೆ 'ಬೇಗ ಕಲಿಯುವುದು' ಎಂಬ ಮಾತು ಮೂವತ್ತೈದು ವರ್ಷ ಮಕ್ಕಳಿಗೆ ಪಾಠ ಹೇಳಿದ ನನ್ನನ್ನು ಬೇರೊಂದು ಕಡೆಗೆ ಎಳೆದುಕೊಂಡು ಹೋಯಿತು. ಆ ನಾಯಿಯ ಇತಿಹಾಸವನ್ನೂ ನನ್ನ ಒಂದು ತಪ್ಪನ್ನೂ ಒಟ್ಟಿಗೇ ಬರೆಯದೆ ಅವನಿಗೆ ಉತ್ತರ ಕೊಡಲಾರೆ ಎನಿಸಿತು.

ಮೊದಲು ಸಣ್ಣ ನಾಯಿಯ ವಿಷಯ. ನನ್ನ ಸೋದರಮಾವ ಬನಹಟ್ಟಿಯಲ್ಲಿ ನೇಕಾರರಾಗಿದ್ದರು. ರಬಕವಿ-ಬನಹಟ್ಟಿಯ ಓಣಿಗಳಲ್ಲಿ ಹುಟ್ಟಿ ಬೆಳೆದವರಿಗೆ ಗೊತ್ತು, ಅಲ್ಲಿ ಮನೆಯೇ ಮಗ್ಗ, ಮಗ್ಗವೇ ಮನೆ. ಆ ಇಕ್ಕಟ್ಟಿನಲ್ಲಿಯೂ ಮಾವ ಒಂದು ಬಿಳಿಯ ನಾಯಿ ಸಾಕಿದ್ದರು. ಎಲ್ಲರೂ ಅದನ್ನು 'ಪಾಮೇರಿಯನ್' ಎನ್ನುತ್ತಿದ್ದರು. ನಮ್ಮ ಊರುಗಳ ಮನೆಮನೆಯಲ್ಲಿ ಆ ಹೆಸರಿನಿಂದ ಬೆಳೆದ ಬಿಳಿ ನಾಯಿಗಳಲ್ಲಿ ಹೆಚ್ಚಿನವು ನಿಜವಾಗಿ ಇಂಡಿಯನ್ ಸ್ಪಿಟ್ಜ್ ಎಂಬ ತಳಿಯವು. 1994ರ 'ಹಮ್ ಆಪ್ಕೇ ಹೈ ಕೌನ್' ಹಿಂದಿ ಚಿತ್ರದ ಟಫಿ ಎಂಬ ನಾಯಿಯೂ ಈ ಜಾತಿಯದೇ. ಮಾವನ ನಾಯಿಗೆ ಕೂಡು ಎಂದರೆ ಕೂಡುತ್ತಿತ್ತು, ಏಳು ಎಂದರೆ ಏಳುತ್ತಿತ್ತು. ಉರುಳಿ ಬಿದ್ದ ಕಂಡಿಕೆಯನ್ನು ಬಾಯಲ್ಲಿ ಕಚ್ಚಿ ತಂದು ಮಾವನ ಕಾಲ ಬಳಿ ಇಡುತ್ತಿತ್ತು. ಯಾರೂ ಅದಕ್ಕೆ ಶಾಲೆ ನಡೆಸಿರಲಿಲ್ಲ. ದಿನವಿಡೀ ಮನುಷ್ಯರ ಮುಖ ನೋಡುತ್ತ ಕೂಡುವುದೇ ಅದರ ವಿದ್ಯಾಭ್ಯಾಸವಾಗಿತ್ತು.

ಜಗತ್ತಿನಲ್ಲಿ ಸುಲಭವಾಗಿ ಕಲಿಯುತ್ತವೆ ಎಂದು ಹೆಸರಾದ ಸಣ್ಣ ನಾಯಿಗಳ ಹಿನ್ನೆಲೆಯನ್ನು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಪೂಡಲ್ ಎಂಬ ಗುಂಗುರು ಕೂದಲಿನ ನಾಯಿಯ ಪೂರ್ವಜರು ಗುಂಡು ತಗುಲಿ ನೀರಿಗೆ ಬಿದ್ದ ಹಕ್ಕಿಯನ್ನು ಒಡೆಯನ ಮಾತಿನಂತೆ ಈಜಿ ತರುತ್ತಿದ್ದವು. ವೇಲ್ಸ್ ದೇಶದ ಗಿಡ್ಡ ಕಾಲಿನ ಕಾರ್ಗಿ ದನ ಹೊಡೆಯುವ ನಾಯಿ. ಶೆಟ್‌ಲ್ಯಾಂಡಿನ ಪುಟ್ಟ ನಾಯಿ ಕುರಿ ಕಾಯುವುದು. ಚಿಟ್ಟೆಯ ರೆಕ್ಕೆಯಂಥ ಕಿವಿಯ ಪಾಪಿಯೋಂ ಯುರೋಪಿನ ಸಿರಿವಂತ ಹೆಂಗಸರ ತೊಡೆಯ ಮೇಲೆ ಬೆಳೆದದ್ದು. ಇವೆಲ್ಲ ನೂರಾರು ವರ್ಷ ಮನುಷ್ಯನ ಕೈಗೆಟುಕುವ ಅಂತರದಲ್ಲಿ, ಅವನ ಕೈಸನ್ನೆ, ಬಾಯಿಸನ್ನೆಗಳನ್ನು ಕಾಯುತ್ತ ಬದುಕಿದವು. ಕಾಯುವುದೇ ಅವುಗಳ ಕಸುಬು. ಆದ್ದರಿಂದಲೇ ಅವು ಬೇಗ ಕಲಿಯುತ್ತವೆ. ಮುಧೋಳ ನಾಯಿಯ ಕಸುಬು ಇದಕ್ಕೆ ತೀರ ಬೇರೆಯಾದದ್ದು.

ನಮ್ಮ ನಾಡಿಗೆ ಬೇಟೆನಾಯಿ ಹೊಸದೇನಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಶಾಸನದ ಕಥೆಯನ್ನು ನಾನು ತರಗತಿಯಲ್ಲಿ ಹೇಳಿದ್ದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪಕ್ಷದಲ್ಲಿದ್ದ ಗಂಗರ ಇಮ್ಮಡಿ ಬೂತುಗನ ವೀರ ಮಣಲೆರನು ಪರಾಕ್ರಮ ತೋರಿದಾಗ, ಮೆಚ್ಚಿದ ದೊರೆ 'ಬೇಕಾದುದನ್ನು ಬೇಡು' ಎಂದನಂತೆ. ಮಣಲೆರ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಎಂಬ ನಾಯಿಯನ್ನು ಕೇಳಿದ. ಆ ನಾಯಿ ಮುಂದೆ ಕಾಡುಹಂದಿಯೊಡನೆ ಹೋರಾಡಿತು, ನಾಯಿ ಹಂದಿ ಎರಡೂ ಸತ್ತವು. ಮಣಲೆರ ಅದಕ್ಕೆ ಕಲ್ಲು ನಿಲ್ಲಿಸಿ, ಪೂಜೆಗೆಂದು ಭೂಮಿಯನ್ನೂ ಬಿಡಿಸಿದ. ಆ ಶಾಸನ ಸೌಮ್ಯ ಸಂವತ್ಸರದ್ದು. ಮುಧೋಳದ ಮಹಾಕವಿ ರನ್ನನು ತಾನು ಹುಟ್ಟಿದೆನೆಂದು ಹೇಳಿಕೊಳ್ಳುವುದೂ ಸೌಮ್ಯ ಸಂವತ್ಸರದಲ್ಲಿಯೇ, ಕ್ರಿ.ಶ. 949ರಲ್ಲಿ. ಕಾಳಿ ಮುಧೋಳದ ತಳಿಯೆಂದು ಹೇಳುತ್ತಿಲ್ಲ. ನಮ್ಮ ಕವಿ ತೊಟ್ಟಿಲಲ್ಲಿದ್ದ ಕಾಲಕ್ಕೆ ಕನ್ನಡ ನಾಡಿನಲ್ಲಿ ನಾಯಿಗೆ ವೀರನ ಗೌರವ ಸಲ್ಲುತ್ತಿತ್ತು ಎಂಬುದಷ್ಟೇ ನನ್ನ ಮಾತು. ಮುಂದೆ ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ರಚಿಸಿದ 'ಮಾನಸೋಲ್ಲಾಸ'ದಲ್ಲಿ ರಾಜರ ವಿನೋದಗಳ ನಡುವೆ 'ಸಾರಮೇಯ ವಿನೋದ'ವೂ ಸೇರಿದೆ. ಸಾರಮೇಯ ಎಂದರೆ ನಾಯಿ.

ಮುಧೋಳ ನಾಯಿಯ ಮೂಲ ಪಶ್ಚಿಮ ಮತ್ತು ಮಧ್ಯ ಏಷ್ಯದ ಕಡೆಯ ಬೇಟೆನಾಯಿಗಳಲ್ಲಿದೆ, ವ್ಯಾಪಾರಿಗಳ, ಸೈನಿಕರ ತಂಡಗಳೊಡನೆ ಅದು ದಖನ್ನಿಗೆ ಬಂತು ಎಂಬುದು ರೂಢಿಯ ಅಭಿಪ್ರಾಯ. ಅದಕ್ಕೇ 'ಕಾರವಾನ್ ಹೌಂಡ್' ಎಂಬ ಇನ್ನೊಂದು ಹೆಸರು. ಕೆನೆಲ್ ಕ್ಲಬ್ ಆಫ್ ಇಂಡಿಯಾ ಇಂದಿಗೂ ಆ ಹೆಸರಿನಿಂದಲೇ ಅದನ್ನು ಕರೆಯುತ್ತದೆ. ಬಂದ ನಾಯಿ ಇಲ್ಲಿಯ ಬಿಸಿಲು, ಜೋಳದ ನುಚ್ಚು, ಮಜ್ಜಿಗೆಗಳಿಗೆ ಹೊಂದಿಕೊಂಡು ಇಲ್ಲಿಯದೇ ಆಯಿತು. ಶತಮಾನಗಳ ಕಾಲ ಅದನ್ನು ಉಳಿಸಿದವರು ಅರಸರಲ್ಲ. ಬೇಡರು, ಕುರಿಗಾರರು, ಒಣಬೇಸಾಯದ ಒಕ್ಕಲಿಗರು ತಮ್ಮ ಗುಡಿಸಲ ಮುಂದೆ ಕಟ್ಟಿಕೊಂಡು ಉಳಿಸಿದರು. 1857ರಲ್ಲಿ ಆಂಗ್ಲರ ನಿಶ್ಶಸ್ತ್ರೀಕರಣದ ಕಾಯಿದೆಗೆ ತಲೆಬಾಗದ ಹಲಗಲಿಯ ಬೇಡರ ಊರು ಇದೇ ಮುಧೋಳ ತಾಲ್ಲೂಕಿನಲ್ಲಿದೆ.

ಅದಕ್ಕೆ ಅರಮನೆಯ ಮನ್ನಣೆ ದೊರೆತದ್ದು ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆಯವರ ಕಾಲದಲ್ಲಿ. 1900ರಿಂದ 1937ರವರೆಗೆ ಅವರ ಆಳ್ವಿಕೆ. ತಮ್ಮ ಸೀಮೆಯ ಬೇಡರು ಸಾಕುತ್ತಿದ್ದ ಈ ನಾಯಿಗಳ ಓಟವನ್ನು ಕಂಡು ಮೆಚ್ಚಿ, ಒಳ್ಳೆಯವನ್ನು ಆರಿಸಿ ಅರಮನೆಯಲ್ಲಿ ತಳಿ ಬೆಳೆಸಿದರು. ಇಂಗ್ಲೆಂಡಿಗೆ ಹೋದಾಗ ಐದನೆಯ ಜಾರ್ಜ್ ದೊರೆಗೆ ಒಂದು ಜೊತೆ ನಾಯಿಗಳನ್ನು ಕಾಣಿಕೆಯಾಗಿ ಕೊಟ್ಟರೆಂಬುದು, ಅಲ್ಲಿಂದ 'ಮುಧೋಳ ಹೌಂಡ್' ಎಂಬ ಹೆಸರು ಹಬ್ಬಿತೆಂಬುದು ಪ್ರಸಿದ್ಧ. 1948ರ ಮಾರ್ಚ್ 8ರಂದು ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ನಾಯಿ ಮತ್ತೆ ಗುಡಿಸಲ ಮುಂದಕ್ಕೆ ಬಂತು.

ಈಗ ಅದರ ಮೈಕಟ್ಟನ್ನು ನೋಡಿ. ಗಂಡು ನಾಯಿ ಭುಜದವರೆಗೆ 68ರಿಂದ 72 ಸೆಂಟಿಮೀಟರ್ ಎತ್ತರ. ಉದ್ದನೆಯ ಕಿರಿದಾದ ತಲೆ, ಆಳವಾದ ಎದೆಗೂಡು, ಬೆನ್ನಿಗೆ ಅಂಟಿದಂಥ ಹೊಟ್ಟೆ, ಸಪೂರ ಕಾಲು. ಬೇಟೆನಾಯಿಗಳಲ್ಲಿ ಎರಡು ಬಗೆ. ನೆಲ ಮೂಸಿ ವಾಸನೆ ಹಿಡಿದು ಹೋಗುವುದು ಒಂದು ಬಗೆ, ದೂರದಲ್ಲಿ ಕಂಡದ್ದನ್ನು ಕಣ್ಣಿನಿಂದಲೇ ಹಿಡಿದು ಓಡುವುದು ಇನ್ನೊಂದು. ಮುಧೋಳ ಎರಡನೆಯದು. ಎರೆಹೊಲದ ಬಯಲಿನಲ್ಲಿ ಮೊಲ ಎದ್ದರೆ ನಾಯಿ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಒಡೆಯನಿಂದ ದೂರವಾಗಿರುತ್ತದೆ. ಮೊಲ ಎಡಕ್ಕೆ ತಿರುಗಿದರೆ ತಾನೂ ತಿರುಗಬೇಕೋ, ಅಡ್ಡ ಕತ್ತರಿಸಿ ಮುಂದೆ ಕಾಯಬೇಕೋ ಎಂಬುದನ್ನು ಅದು ಯಾರನ್ನೂ ಕೇಳುವಂತಿಲ್ಲ. ಹಿಂದಿರುಗಿ ಒಡೆಯನ ಮುಖ ನೋಡಿದ ನಾಯಿಗೆ ಬೇಟೆ ತಪ್ಪಿತು. ಹಾಗೆ ನೋಡುವ ನಾಯಿಯ ಮರಿಗಳನ್ನು ಯಾರೂ ಸಾಕಲಿಲ್ಲ. ತಾನೇ ನಿರ್ಧರಿಸುವ ನಾಯಿಯ ಮರಿಗಳನ್ನು ಸಾಕಿದರು. ನಾವು 'ಹೇಳಿದ್ದು ಕೇಳುವುದಿಲ್ಲ' ಎನ್ನುವ ಗುಣವನ್ನು ಹಿರಿಯರು ಬೇಕೆಂದೇ ತಲೆಮಾರುಗಳ ಕಾಲ ಆರಿಸಿ ಬೆಳೆಸಿದ್ದರು.

ಇದು ನನಗೆ ತಿಳಿದದ್ದು ತಡವಾಗಿ. 1974ರಲ್ಲಿ ನನ್ನ ಮೊದಲ ನೌಕರಿ ಬೀಳಗಿ ತಾಲ್ಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿ. ವಯಸ್ಸು ಇಪ್ಪತ್ತಮೂರು, ಕೈಯಲ್ಲಿ ಛಡಿ, ತಲೆಯಲ್ಲಿ ಶಿಸ್ತು. ಐದನೆಯ ಇಯತ್ತೆಯಲ್ಲಿ ಒಬ್ಬ ಹುಡುಗನಿದ್ದ. ಬೇಟೆನಾಯಿ ಸಾಕುವ ಮನೆತನ. ಮಗ್ಗಿ ಬರುತ್ತಿರಲಿಲ್ಲ. ಪದ್ಯ ಬಾಯಿಪಾಠವಾಗುತ್ತಿರಲಿಲ್ಲ. ನಾನು ಪ್ರಶ್ನೆ ಕೇಳಿದರೆ ಕಿಟಕಿಯಾಚೆ ದೂರದ ದಿನ್ನೆಯ ಕಡೆ ನೋಡುತ್ತಿದ್ದ. 'ದಡ್ಡ' ಎಂದು ಎಲ್ಲರೆದುರು ಕರೆದು ಅವನನ್ನು ಕಡೆಯ ಸಾಲಿಗೆ ದೂಡಿದೆ.

ಒಂದು ದಿನ ಅವನ ತಂದೆ ಪ್ರೀತಿಯಿಂದ ನನಗೊಂದು ಮರಿ ತಂದುಕೊಟ್ಟರು. ಮಾವನ ಮನೆಯ ಬಿಳಿ ನಾಯಿ ನನ್ನ ಕಣ್ಣ ಮುಂದಿತ್ತು. ಇದಕ್ಕೂ ಹಾಗೆಯೇ ಕಲಿಸುವೆನೆಂದು ಹೊರಟೆ. ಕೂಡು ಎಂದರೆ ನಿಂತಿತು. ಬಾ ಎಂದರೆ ತಲೆ ಎತ್ತಿ ದಿಗಂತ ನೋಡಿತು. ಚೆಂಡು ಎಸೆದರೆ ಓಡಿಹೋಗಿ ಮೂಸಿ, ಅಲ್ಲಿಯೇ ಬಿಟ್ಟು ಬಂತು. ನಾಲ್ಕು ತಿಂಗಳು ಹೀಗೆ ಕಳೆದವು. ಒಂದು ಸಂಜೆ ಸಿಟ್ಟು ಬಂದು ಛಡಿಯಿಂದ ಎರಡು ಬಾರಿಸಿದೆ. ಅದು ಕೂಗಲಿಲ್ಲ, ತಿರುಗಿ ಕಚ್ಚಲೂ ಇಲ್ಲ. ಸುಮ್ಮನೆ ನನ್ನನ್ನು ನೋಡಿತು. ಮರುದಿನ ಬೆಳಿಗ್ಗೆ ಹಗ್ಗ ಮಾತ್ರ ಇತ್ತು, ಮರಿ ಹುಡುಗನ ಮನೆಗೆ ಹೋಗಿತ್ತು.

ಅದನ್ನು ಕರೆತರಲು ಹೋದಾಗ ಅವನ ತಂದೆ ಹೇಳಿದ ಮಾತು ಇಂದಿಗೂ ಕಿವಿಯಲ್ಲಿದೆ: "ಸರ, ಇದಕ್ಕ ಒದರಿದ್ರ ಕೇಳಂಗಿಲ್ರಿ. ಇದು ಕಣ್ಣಿಲೆ ಕೇಳತೈತಿ." ನಸುಕಿನಲ್ಲಿ ನನ್ನನ್ನು ಹೊಲಕ್ಕೆ ಕರೆದೊಯ್ದರು. ವನ್ಯಜೀವಿ ಸಂರಕ್ಷಣಾ ಕಾಯಿದೆ 1972ರಲ್ಲಿಯೇ ಬಂದಿತ್ತು. ಆ ಸುದ್ದಿ ಆ ಹಳ್ಳಿಗಾಗಲಿ ನನಗಾಗಲಿ ಮುಟ್ಟಿರಲಿಲ್ಲ. ಮುಂದೆ ನಡೆಯುತ್ತಿದ್ದವನು ಹುಡುಗ. ಅವನು ಬಾಯಿ ಬಿಡಲಿಲ್ಲ. ಒಮ್ಮೆ ನಿಂತ, ಕೈಯನ್ನು ಮೆಲ್ಲಗೆ ದಿನ್ನೆಯ ಕಡೆ ಚಾಚಿದ. ನನಗೆ ಅಲ್ಲಿ ಏನೂ ಕಾಣಲಿಲ್ಲ. ಹಿರಿಯ ನಾಯಿಗಳೆರಡು ಬಾಣದಂತೆ ಹೋದವು. ನಾನು ನಾಲ್ಕು ತಿಂಗಳು ದಡ್ಡವೆಂದು ಬೈದ ಮರಿ ಅವುಗಳ ಹಿಂದೆ ಹೋಗಲಿಲ್ಲ. ಓರೆಯಾಗಿ ಓಡಿ ಹಳ್ಳದ ಬಾಯಿಗೆ ಹೋಗಿ ನಿಂತಿತು. ಮೊಲ ಅಲ್ಲಿಗೇ ಬಂತು. ಅದಕ್ಕೆ ಯಾರೂ ಕಲಿಸಿರಲಿಲ್ಲ, ಆ ದಿನ ಅದರ ಮೊದಲ ಓಟ. ಆ ಹುಡುಗನ ಕಣ್ಣು ತರಗತಿಯಲ್ಲಿ ಏಕೆ ದಿನ್ನೆಯ ಕಡೆ ಹೋಗುತ್ತಿತ್ತೆಂಬುದೂ ಆಗ ತಿಳಿಯಬೇಕಾಗಿತ್ತು. ತಿಳಿಯಲಿಲ್ಲ. ಮರಿಯನ್ನು ಅಲ್ಲಿಯೇ ಬಿಟ್ಟು ಬಂದೆ. ಅದೇ ವಾರ ಹದಿಮೂರರ ಮಗ್ಗಿ ಬರಲಿಲ್ಲವೆಂದು ಹುಡುಗನಿಗೆ ಹೊಡೆದೆ. ದೀಪಾವಳಿಯ ರಜೆ ಮುಗಿದ ಮೇಲೆ ಅವನು ಶಾಲೆಗೆ ಬರಲೇ ಇಲ್ಲ.

ಬಹಳ ವರ್ಷಗಳ ನಂತರ ಸ್ಟ್ಯಾನ್ಲಿ ಕೊರೆನ್ ಎಂಬ ಮನಶ್ಶಾಸ್ತ್ರಜ್ಞರು 1994ರಲ್ಲಿ ಬರೆದ, ನಾಯಿಗಳ ಬುದ್ಧಿಶಕ್ತಿಯ ಕುರಿತ ಪುಸ್ತಕದ ವಿಚಾರ ಓದಿದೆ. ಉತ್ತರ ಅಮೆರಿಕದ ನಾಯಿ ಸ್ಪರ್ಧೆಗಳ ಸುಮಾರು ಇನ್ನೂರು ತೀರ್ಪುಗಾರರ ಅಭಿಪ್ರಾಯ ಕೇಳಿ ಅವರು ತಳಿಗಳ ಪಟ್ಟಿ ಮಾಡಿದ್ದಾರೆ. ಮೊದಲನೆಯದು ಕುರಿ ಕಾಯುವ ಬಾರ್ಡರ್ ಕಾಲಿ, ಎರಡನೆಯದು ಪೂಡಲ್, ಆರನೆಯದು ಶೆಟ್‌ಲ್ಯಾಂಡ್, ಎಂಟನೆಯದು ಪಾಪಿಯೋಂ. ಮೇಲಿನ ದರ್ಜೆಯ ನಾಯಿಗಳು ಹೊಸ ಆಜ್ಞೆಯನ್ನು ಐದು ಬಾರಿಯೊಳಗೆ ಕಲಿತರೆ, ಕೆಳಗಿನವಕ್ಕೆ ಎಂಬತ್ತು, ನೂರು ಬಾರಿ ಹೇಳಬೇಕಂತೆ. ಕಟ್ಟಕಡೆಯ ಸ್ಥಾನ ಅಫ್ಘಾನ್ ಹೌಂಡಿನದು. ಅದೂ ಕಣ್ಣಿನಿಂದ ಬೇಟೆಯಾಡುವ ನಾಯಿ, ನಮ್ಮ ಮುಧೋಳಕ್ಕೆ ದೂರದ ದಾಯಾದಿ. ಆದರೆ ಆ ಪುಸ್ತಕದ ಇನ್ನೊಂದು ಮಾತನ್ನು ಪಟ್ಟಿ ಓದುವವರು ಮರೆಯುತ್ತಾರೆ. ನಾಯಿಯ ಬುದ್ಧಿಯಲ್ಲಿ ಮೂರು ಬಗೆ ಎಂದು ಕೊರೆನ್ ಹೇಳುತ್ತಾರೆ. ತಳಿಯಿಂದ ಬಂದ ಹುಟ್ಟುಬುದ್ಧಿ, ತಾನಾಗಿ ಸಮಸ್ಯೆ ಬಿಡಿಸುವ ಬುದ್ಧಿ, ಮನುಷ್ಯನ ಆಜ್ಞೆ ಪಾಲಿಸುವ ಬುದ್ಧಿ. ಪಟ್ಟಿ ಅಳೆದದ್ದು ಮೂರನೆಯದನ್ನು ಮಾತ್ರ. ನಾವು ಮಾಸ್ತರರು ಪರೀಕ್ಷೆಯಲ್ಲಿ ಅಳೆದದ್ದಾದರೂ ಬೇರೇನು?

ಕಾಲ ನಾಯಿಯ ಕಸುಬನ್ನೂ ಕಸಿದುಕೊಂಡಿತು. ಬೇಟೆಯನ್ನು ಕಾಯಿದೆ ನಿಷೇಧಿಸಿತು, ಅದು ನ್ಯಾಯವೇ ಸರಿ. ಕಾಲುವೆಯ ನೀರು ಬಂದು ಮುಧೋಳ, ಜಮಖಂಡಿಗಳ ಬಯಲು ಕಬ್ಬಿನ ಕಾಡಾಯಿತು. ಕಬ್ಬಿನೊಳಗೆ ಕಣ್ಣಿಗೆ ಕಾಣುವುದೇನು? ಬೀಳಗಿಯ ಕಡೆ ಯಡಹಳ್ಳಿಯ ಕುರುಚಲು ಗುಡ್ಡಗಳನ್ನು ಕಳೆದ ದಶಕದಲ್ಲಿ ಚಿಂಕಾರ ಅಭಯಾರಣ್ಯವೆಂದು ಘೋಷಿಸಲಾಯಿತು. ಒಂದು ಕಾಲಕ್ಕೆ ನಾಯಿ ಬೆನ್ನಟ್ಟಿದ ಚಿಂಕಾರ ಇಂದು ಸುಮಾರು 96 ಚದರ ಕಿಲೋಮೀಟರ್ ಪ್ರದೇಶದಲ್ಲಿ ನಿರ್ಭಯವಾಗಿ ಮೇಯುತ್ತಿದೆ. ಎರಡೂ ನಮ್ಮವೇ. ಒಂದನ್ನು ಉಳಿಸಲು ಇನ್ನೊಂದನ್ನು ಅಳಿಸಬೇಕಾಗಿಲ್ಲ.

ನಾಯಿಗೂ ಹೊಸ ದಾರಿ ತೆರೆಯಿತು. 2005ರ ಜನವರಿ 9ರಂದು ಅಂಚೆ ಇಲಾಖೆ ನಾಲ್ಕು ಭಾರತೀಯ ತಳಿಗಳ ಅಂಚೆಚೀಟಿ ಹೊರಡಿಸಿದಾಗ ಹಿಮಾಲಯದ ಕುರಿನಾಯಿ, ರಾಂಪುರ, ರಾಜಪಾಳಯಂಗಳ ಜೊತೆ ಮುಧೋಳವೂ ಇತ್ತು. ಮುಂದೆ ಬೀದರದ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಅಡಿಯಲ್ಲಿ ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರ ಆರಂಭವಾಯಿತು. ಶುದ್ಧ ತಳಿಯನ್ನು ಉಳಿಸುವುದು, ಸಾಕಣೆದಾರರಿಗೆ ಮಾರ್ಗದರ್ಶನ ನೀಡುವುದು ಅದರ ಕೆಲಸ. 2016ರಲ್ಲಿ ಅಲ್ಲಿಯ ಮರಿಗಳು ಮೀರತ್‌ನ ಸೇನಾ ತರಬೇತಿ ಕೇಂದ್ರಕ್ಕೆ ಹೋದವು. ಅಲ್ಲಿಯವರೆಗೆ ಸೇನೆಯಲ್ಲಿ ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ಗಳದೇ ಕಾರುಬಾರು. 2021ರಲ್ಲಿ ವಾಯುಪಡೆ ರನ್‌ವೇಯಿಂದ ಹಕ್ಕಿಗಳನ್ನು ಓಡಿಸಲು ಇವನ್ನು ಒಯ್ದಿತು. ಕಣ್ಣು ಮತ್ತು ಓಟ ಎರಡೂ ಬೇಕಾದ ಅಂಥ ಕೆಲಸ ಇದರ ಸ್ವಭಾವಕ್ಕೆ ಸರಿಯಾಗಿಯೇ ಒಪ್ಪುತ್ತದೆ.

ನನ್ನನ್ನು ಎಲ್ಲಕ್ಕಿಂತ ಬೆರಗುಗೊಳಿಸಿದ ಸುದ್ದಿ 2024ರದು. ಲಖನೌದಲ್ಲಿ ನಡೆದ ಅಖಿಲ ಭಾರತ ಪೊಲೀಸ್ ಡ್ಯೂಟಿ ಮೀಟ್‌ನಲ್ಲಿ ಗಡಿ ಭದ್ರತಾ ಪಡೆಯ ರಿಯಾ ಎಂಬ ಮುಧೋಳ ನಾಯಿ ಜಾಡು ಹಿಡಿಯುವ ವಿಭಾಗದಲ್ಲಿ ಮೊದಲ ಸ್ಥಾನ ಪಡೆದು, ಇಡೀ ಕೂಟದ ಶ್ರೇಷ್ಠ ನಾಯಿ ಎಂಬ ಬಿರುದನ್ನೂ ಗಳಿಸಿತು. ಅದರೆದುರು ಇದ್ದವು ವಿದೇಶಿ ತಳಿಗಳ 116 ನಾಯಿಗಳು. ಗಮನಿಸಿ, ಅದು ಗೆದ್ದದ್ದು ಓಟದಲ್ಲಿ ಅಲ್ಲ, ಮೂಗಿನ ಕೆಲಸದಲ್ಲಿ, ಮನುಷ್ಯನ ಜೊತೆ ಜೋಡಿಯಾಗಿ ಮಾಡುವ ಕೆಲಸದಲ್ಲಿ. ಕಣ್ಣಿನ ನಾಯಿಗೆ ಮೂಗಿನ ವಿದ್ಯೆಯನ್ನು ಯಾವನೋ ಒಬ್ಬ ಜವಾನ ತಾಳ್ಮೆಯಿಂದ ಕಲಿಸಿದ್ದಾನೆ. ಅವನು ನಾನು ಹಿಡಿದಂಥ ಛಡಿ ಹಿಡಿದಿರಲಾರ.

ಎರಡು ವರ್ಷದ ಹಿಂದೆ ಜಮಖಂಡಿಯ ಸಂತೆಯಲ್ಲಿ ನರೆತ ತಲೆಯ ಒಬ್ಬಾತ ಬಂದು ಕಾಲು ಮುಟ್ಟಿದ. ಗುರುತು ಹತ್ತಲಿಲ್ಲ. ಊರ ಹೆಸರು ಹೇಳಿದಾಗ ಎದೆ ಧಸಕ್ಕೆಂದಿತು. ಅದೇ ಹುಡುಗ. ಚಹದಂಗಡಿಯಲ್ಲಿ ಕೂತೆವು. ನಾಲ್ಕು ಎಕರೆ ಹೊಲ, ಮನೆಯಲ್ಲಿ ಆರು ಮುಧೋಳ ನಾಯಿ, ಮರಿ ಮಾರಿ ಮಗಳ ಓದು ಮುಗಿಸಿದ್ದಾನೆ. "ಅವತ್ತು ನಿನ್ನನ್ನು ಹೊಡೆಯಬಾರದಾಗಿತ್ತು, ತಪ್ಪಾಯಿತಪ್ಪಾ" ಎಂದೆ. ಅವನು ನಕ್ಕು, "ಹೋಗ್ಲಿ ಬಿಡ್ರಿ ಸರ, ನಂದೂ ಮಗ್ಗಿ ಬರತಿರಲಿಲ್ಲ" ಎಂದ. ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಹೇಳಿದ: "ಖರೇ ಹೇಳ್ತೀನ್ರಿ, ಆ ನಾಯಿ ಮಾತ್ರ ಸಾಯೂತನಕ ನಿಮ್ಮ ದನಿ ಕೇಳಿದ್ರ ಸಾಕು, ಕೊಟ್ಟಿಗಿಯಾಗ ಹೋಗಿ ಅಡಗತಿತ್ತು."

ನಾನು ಆ ಊರಿನಲ್ಲಿ ಆರು ವರ್ಷ ಇದ್ದೆ. ಆ ಓಣಿಯಲ್ಲಿ ಎಷ್ಟು ಬಾರಿ ಮಾತಾಡುತ್ತ ಹಾದುಹೋಗಿದ್ದೆನೋ.

ಇನ್ನು ಬೆಂಗಳೂರಿನ ಶಿಷ್ಯನಿಗೆ ಉತ್ತರ. ಅಪ್ಪಾ, ಮುಧೋಳ ಮರಿಯನ್ನು ನಿನ್ನ ಫ್ಲ್ಯಾಟಿಗೆ ಕಳಿಸಲಾರೆ. ಅದಕ್ಕೆ ದಿನವೂ ಮನಸಾರೆ ಓಡಲು ಬಯಲು ಬೇಕು, ನಾಲ್ಕನೆಯ ಮಹಡಿಯಲ್ಲಿ ಅದು ಕೊರಗುತ್ತದೆ. 2003ರ ಮೊಬೈಲ್ ಜಾಹೀರಾತು ನೋಡಿ ಎಲ್ಲರೂ ಪಗ್ ಕೊಂಡ ಹಾಗೆ ನೀನು ಕೊಳ್ಳಬೇಡ. ಆ ಚಪ್ಪಟೆ ಮೂಗಿನ ಪ್ರಾಣಿ ಬಿಸಿಲಿನಲ್ಲಿ ಉಸಿರಿಗೆ ಒದ್ದಾಡುತ್ತದೆ. ಸಣ್ಣದು, ಬೇಗ ಕಲಿಯುವುದು ಬೇಕೆಂದರೆ ನಮ್ಮ ಮಾವನ ಮನೆಯಲ್ಲಿದ್ದಂಥ ಇಂಡಿಯನ್ ಸ್ಪಿಟ್ಜ್ ನೋಡು. ತುಸು ಬೊಗಳುತ್ತದೆ, ಆದರೆ ನಮ್ಮ ಹವೆಗೆ ಹೊಂದಿಕೊಂಡಿದೆ. ಇಲ್ಲವೇ ನಿನ್ನ ಓಣಿಯ ದೇಶಿ ಮರಿಯೊಂದನ್ನು ಮನೆಯೊಳಗೆ ಕರೆದುಕೋ.

ಯಾವ ಮರಿಯನ್ನೇ ತಂದರೂ ದಿನಕ್ಕೆ ಎರಡು ಸಲ, ಐದೈದು ನಿಮಿಷ ಕಲಿಸಿದರೆ ಸಾಕು. ಸರಿಯಾಗಿ ಮಾಡಿದ ಆ ಗಳಿಗೆಗೇ ಒಂದು ತುಣುಕು ರೊಟ್ಟಿ ಕೊಡು. ಮಾಡದಿದ್ದರೆ ಸುಮ್ಮನಿರು, ನಾಳೆ ಮತ್ತೆ ನೋಡು. ಹೊಡೆಯಬೇಡ. ಕಲಿಯದಿದ್ದರೆ ಅದು ಏನನ್ನು ನೋಡುತ್ತಿದೆ ಎಂದು ಅದರ ಕಣ್ಣಿನ ದಾರಿ ಹಿಡಿದು ನೀನೂ ಒಮ್ಮೆ ನೋಡು. ಮಗಳನ್ನು ಕರೆದುಕೊಂಡು ಬೇಸಿಗೆಯ ರಜೆಯಲ್ಲಿ ಬಾ. ತಿಮ್ಮಾಪುರಕ್ಕೂ ಹೋಗೋಣ, ಬೀಳಗಿಯ ನನ್ನ ಆ ಶಿಷ್ಯನ ಹೊಲಕ್ಕೂ ಹೋಗೋಣ. ಮುಧೋಳ ನಾಯಿ ಓಡುವುದನ್ನು ಅವಳು ಅಲ್ಲಿ ನೋಡಲಿ.

ನಿಮ್ಮ ಮನೆಗಳಲ್ಲಿದ್ದ ನಾಯಿಗಳ ನೆನಪುಗಳಿದ್ದರೆ ಬರೆದು ತಿಳಿಸಿ. ನನ್ನ ಛಡಿಯ ನೆನಪುಗಳಿದ್ದರೆ ಅವನ್ನೂ ಬರೆಯಿರಿ. ಓದಲು ಸಿದ್ಧನಿದ್ದೇನೆ.

ಎಲ್ಲರಿಗೂ ಶುಭವಾಗಲಿ.